ಅವ್ವ ಆರಿಸಿಕೊಟ್ಟ ತುಂಡು

ಹೋದ ಬೇಸಿಗೆಯಲ್ಲಿ ನಮ್ಮ ವೈನಿಯ ಎದೆಯಿಂದ ತೆಗೆದ ಗಡ್ಡೆಯ ತುಂಡು ನನ್ನ ಕೈ ಸೇರಿದ್ದು ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ. ಅಣ್ಣನ ಹೆಂಡತಿಗೆ ನಾವು ವೈನಿ ಅನ್ನುತ್ತೇವೆ. ಅಣ್ಣ ಚಿತ್ತಾಪುರದ ಗಾಡಿಯಿಂದ ಇಳಿದ, ನಾನು ಕಲಬುರಗಿ ಗಾಡಿಗೆ ಕಾಯುತ್ತ ನಿಂತಿದ್ದೆ. ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದ ಕೊಡುವವರ ಹಾಗೆ ನನ್ನ ಮುಂದೆ ಚಾಚಿದ.

"ಸಂಭಾಳಿಸಿ ಒಯ್ಯವ್ವಾ," ಎಂದ.

"ಪೇಡೆ ಅಲ್ಲ ಅದು, ಒಡಿಯಂಗಿಲ್ಲ ಕೊಡು," ಎಂದು ಕಸಿದುಕೊಂಡು ಬ್ಯಾಗಿನಲ್ಲಿ ತುರುಕಿದೆ. ಹಾಗೆ ಗದರಿದ್ದು ಅವನ ಕಣ್ಣಲ್ಲಿ ನೀರು ಕಂಡದ್ದಕ್ಕೆ. ನಮ್ಮ ಮನೆಯಲ್ಲಿ ಅಳು ಬಂದವರನ್ನು ಬೈದೇ ಸಮಾಧಾನ ಮಾಡುವುದು, ಬೇರೆ ರೀತಿ ನಮಗೆ ಬರುವುದಿಲ್ಲ.

ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಗಡ್ಡೆಗಳೊಳಗಿನ ಜೀನ್ ಎಣಿಸುವುದು ನನ್ನ ಕೆಲಸ. ನಮ್ಮ ಬಂಧುಬಳಗಕ್ಕೆ ಇದು ಇವತ್ತಿಗೂ ಅರ್ಥವಾಗಿಲ್ಲ. ಶಹಾಬಾದಿನಲ್ಲಿ ಒಂದು ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ ಯಾರಾದರೊಬ್ಬರು ಬೆರಳು ಚಾಚಿ, "ನಂದೊಂದೀಟು ಶುಗರ್ ನೋಡವ್ವಾ," ಅನ್ನುತ್ತಾರೆ. ಅವ್ವನಿಗೆ ಮಾತ್ರ ಒಮ್ಮೆ ಕೂರಿಸಿಕೊಂಡು ಹೇಳಿದ್ದೆ. ಮೈಯ ಒಂದೊಂದು ಕಣದಲ್ಲೂ ಅಪ್ಪನಿಂದ ಒಂದು, ಅವ್ವನಿಂದ ಒಂದು ಎಂದು ಪ್ರತಿ ಜೀನೂ ಜೋಡಿಯಾಗಿರುತ್ತದೆ; ಕೂದಲಲ್ಲಿದೆ, ಉಗುರಲ್ಲಿದೆ, ನೀನು ಟ್ರಂಕಿನೊಳಗೆ ಹಿತ್ತಾಳೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೀಯಲ್ಲ, ನಮ್ಮಿಬ್ಬರ ಒಣಗಿದ ಹೊಕ್ಕಳಬಳ್ಳಿ, ಅದರಲ್ಲೂ ಇದೆ ಎಂದೆ. ಚಿಕ್ಕಂದಿನಲ್ಲಿ ಆ ಡಬ್ಬಿ ತೆರೆದು ನೋಡಿ, ಒಣಶುಂಠಿಯಂಥ ಆ ಎರಡು ತುಣುಕು ಕಂಡು ವಾಕರಿಸಿಕೊಂಡು ಓಡಿಹೋದವಳು ನಾನು. ಅವ್ವ ಗೆದ್ದವಳ ಹಾಗೆ ತಲೆ ಆಡಿಸಿ, "ಅದಕ್ಕs ಇಟ್ಟೀನಿ ನೋಡು. ನಿನ್ನ ಸಾಲಿ ಈಗ ಹೇಳ್ತು, ನಮ್ಮವ್ವ ಆವಾಗs ಹೇಳಿದ್ದಳು," ಎಂದಳು. ಅಲ್ಲಿಗೆ ವಿಜ್ಞಾನ ಮುಗಿಯಿತು.

ಅವ್ವ ತೆಂಗಳಿಯವಳು, ವೈನಿ ಸುಲೇಪೇಟದವಳು. ಇಬ್ಬರಿಗೂ ರೊಟ್ಟಿಯ ವಿಷಯದಲ್ಲಿ ಹೊಂದಾಣಿಕೆಯಾದದ್ದು ನಾನು ನೋಡಿಲ್ಲ. ವೈನಿ ಬಡಿದ ರೊಟ್ಟಿಯನ್ನು ಅವ್ವ ಬೆಳಕಿಗೆ ಹಿಡಿದು, "ಇದು ರೊಟ್ಟಿನೋ ಫರಸಿನೋ," ಅನ್ನುವಳು. ವೈನಿ ಅಂಗನವಾಡಿ ಕಾರ್ಯಕರ್ತೆ. ಅಳುವ ಮಕ್ಕಳನ್ನು ದಿನವಿಡೀ ಸುಧಾರಿಸಿ ಬಂದವಳಿಗೆ ಅತ್ತೆಯ ಮಾತು ಯಾವ ಲೆಕ್ಕ. "ಫರಸಿ ಆದ್ರ ಅಂಗಳಕ್ಕ ಹಾಸ್ರಿ ಅತ್ತಿ, ಶಹಾಬಾದಿಗೆ ಹೋಗಿ ಕಲ್ಲು ತರೋದು ಉಳೀತದ," ಎಂದು ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಳ್ಳುವಳು. ಇಷ್ಟು ವರ್ಷವೂ ಆ ಮನೆ ಹೀಗೆಯೇ ನಡೆದಿತ್ತು. ಅದರ ನಡುವೆ ಎದೆಯಲ್ಲಿ ಗಂಟು ಬಂತು.

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಗಡ್ಡೆ ತೆಗೆದರು. ಮುಂದೆ ಯಾವ ಔಷಧಿ ಕೊಡಬೇಕು ಎಂದು ತಿಳಿಯಲು ಅದಕ್ಕೆ ಬಣ್ಣ ಹಾಕಿ ನೋಡುವ ಒಂದು ಪರೀಕ್ಷೆ ಇದೆ. ವೈನಿಯದು ಹೌದೂ ಅಲ್ಲ, ಅಲ್ಲವೂ ಅಲ್ಲ ಎಂಬಂತೆ ನಡುವೆ ನಿಂತಿತು. ಹೀಗಾದಾಗ ಜೀನನ್ನೇ ಎಣಿಸಬೇಕು. ಕೆಲವು ಗಡ್ಡೆಗಳಲ್ಲಿ ಎರಡೇ ಇರಬೇಕಾದ ಒಂದು ಜೀನ್ ಅಂಕೆ ತಪ್ಪಿ ಹತ್ತಾರು ಪ್ರತಿಗಳಾಗಿರುತ್ತದೆ. ಅಂಥ ಗಡ್ಡೆ ಜೋರಾಗಿ ಬೆಳೆಯುತ್ತದೆ, ಬೇಗ ಮರಳಿ ಬರುತ್ತದೆ. ಆದರೆ ಅದಕ್ಕೆಂದೇ ಮಾಡಿದ ಒಂದು ಇಂಜೆಕ್ಷನ್ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಜೀನ್ ಎರಡೇ ಇದ್ದರೆ ಆ ಇಂಜೆಕ್ಷನ್ನಿನಿಂದ ಉಪಯೋಗವಿಲ್ಲ, ಕೊಡುವುದಿಲ್ಲ. ವೈನಿಗೆ ಅದು ಸಿಗುತ್ತದೋ ಇಲ್ಲವೋ ಎಂಬುದು ನಾನು ಬ್ಯಾಗಿನಲ್ಲಿ ತುರುಕಿಕೊಂಡ ಆ ಡಬ್ಬಿಯ ಮೇಲೆ ನಿಂತಿತ್ತು.

ಡಬ್ಬಿಯಲ್ಲಿ ಇದ್ದದ್ದು ಗಡ್ಡೆಯ ತೆಳು ಪದರ ಅಂಟಿಸಿದ ಒಂದು ಗಾಜಿನ ಪಟ್ಟಿ, ಒಂದು ಮೇಣದ ಬಿಲ್ಲೆ. ಗಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಬಿಲ್ಲೆ ಮಾಡಿಡುತ್ತಾರೆ, ಅದು ಎಷ್ಟು ವರ್ಷವಾದರೂ ಕೆಡುವುದಿಲ್ಲ. ಗಾಜಿನ ಪಟ್ಟಿಯನ್ನು ನಮ್ಮ ಡಾಕ್ಟರ್ ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಧಾರಾಳ ಇದೆ, ಎಣಿಸಬಹುದು ಎಂದರು. ಪಟ್ಟಿಯ ನಂಬರು, ಬಿಲ್ಲೆಯ ನಂಬರು ಒಂದೇ ಇದ್ದವು. ಬಿಲ್ಲೆಯ ನಂಬರಿನ ಮುಂದೆ, ಯಾವ ಭಾಗದ ತುಂಡು ಎಂದು ಪೆನ್ಸಿಲಿನಲ್ಲಿ ಬರೆದ ಒಂದು ಅಕ್ಷರ ಮಾತ್ರ ಮಾಸಿಹೋಗಿತ್ತು. ಒಂದೇ ಬಿಲ್ಲೆ ಬಂದಿದೆ ಅಂದಮೇಲೆ ಅಕ್ಷರ ಯಾರು ನೋಡುತ್ತಾರೆ. ಬಿಲ್ಲೆಯಿಂದ ತೆಳ್ಳಗೆ ಹೆರೆದು ಡಿ.ಎನ್.ಎ. ತೆಗೆದು ಯಂತ್ರಕ್ಕೆ ಹಾಕಿದೆ.

ಆ ಯಂತ್ರ ಮಾಡುವ ಕೆಲಸ ಸರಳ. ಒಂದಿದ್ದದ್ದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತ ಹೋಗುತ್ತದೆ. ಸಾಕಷ್ಟು ಆದ ಕೂಡಲೇ ಬೆಳಕು ಕಾಣಿಸುತ್ತದೆ. ಮೊದಲೇ ಹೆಚ್ಚಿದ್ದರೆ ಬೇಗ ಕಾಣುತ್ತದೆ, ಕಡಿಮೆ ಇದ್ದರೆ ತಡವಾಗಿ. ಎರಡೇ ಇರುತ್ತದೆ ಎಂಬ ಭರವಸೆಯಿರುವ ಇನ್ನೊಂದು ಜೀನನ್ನು ಪಕ್ಕದಲ್ಲಿ ಓಡಿಸಿ ಎರಡನ್ನೂ ಹೋಲಿಸುತ್ತೇವೆ. ಆರೋಗ್ಯವಂತರ ಡಿ.ಎನ್.ಎ.ಯಲ್ಲೂ ಇದನ್ನೇ ಮಾಡಿ ಅಳತೆ ಹೊಂದಿಸಿಕೊಂಡಿರುತ್ತೇವೆ. ಇಲ್ಲೂ ಅಲ್ಲಿಯಷ್ಟೇ ಬಂದರೆ ಉತ್ತರ ಒಂದು, ಅಂದರೆ ಹೆಚ್ಚಿಲ್ಲ. ವೈನಿಯ ಉತ್ತರ ಒಂದು ಬಂತು. ದಶಮಾಂಶದ ಮುಂದೆಯೂ ಸೊನ್ನೆ.

ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟೆ. ಜೋರಾದ ಗಡ್ಡೆಯಲ್ಲ ಎಂದು ಒಂದು ಮನಸ್ಸಿಗೆ ಖುಷಿ, ಆ ಇಂಜೆಕ್ಷನ್ ಸಿಗುವುದಿಲ್ಲ ಎಂದು ಇನ್ನೊಂದಕ್ಕೆ ಕಸಿವಿಸಿ. ಅಣ್ಣನಿಗೆ ಫೋನ್ ಮಾಡಿ, "ನಾರ್ಮಲ್ ಬಂದದ. ಆದ್ರ ನೋಡು..." ಎಂದೆ. "ಆದ್ರ"ದ ಮುಂದಿನದು ಅವನಿಗೆ ಕೇಳಿಸಲೇ ಇಲ್ಲ. ಫೋನಿನಾಚೆ "ನಾರ್ಮಲ್ ಅಂತವ್ವಾ!" ಎಂದು ಕೂಗಿದ್ದು, ಅವ್ವ ದೇವರ ಹೆಸರು ಹಿಡಿದದ್ದು ಕೇಳಿತು. ಅವತ್ತು ಅವ್ವ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳಂತೆ. ನಾರ್ಮಲ್ ಅಂದರೆ ರೋಗ ಇಲ್ಲ ಎಂದಲ್ಲ, ರೋಗ ಇದ್ದೇ ಇದೆ, ಅದರೊಳಗಿನ ಒಂದು ಜೀನ್ ಮಾತ್ರ ಹೆಚ್ಚಾಗಿಲ್ಲ ಎಂದು ನಾನು ಯಾರಿಗೆ ಹೇಳಲಿ? ಹೋಳಿಗೆ ತಿನ್ನುವವರ ಬಾಯಿಂದ ಕಿತ್ತುಕೊಳ್ಳುವಷ್ಟು ಕಲ್ಲುಮನಸ್ಸು ನನ್ನದಲ್ಲ.

ಆದರೆ ವರದಿಗೆ ಸಹಿ ಬೀಳುವ ಮುಂಚೆ, ಬೆಳಕು ಯಾವಾಗ ಏರಿತು ಎಂದು ಯಂತ್ರ ಪರದೆಯ ಮೇಲೆ ಎಳೆದ ಗೆರೆಗಳನ್ನು ಇನ್ನೊಮ್ಮೆ ತೆರೆದು ನೋಡಿದೆ. ಆ ಒಂದು ಜೀನಿನ ಜೊತೆಗೆ ಡಿ.ಎನ್.ಎ.ಯಲ್ಲಿ ಇನ್ನೂ ಕೆಲವು ಕಡೆ ಎಣಿಸುವುದು ನಮ್ಮಲ್ಲಿ ರೂಢಿ. ಗಡ್ಡೆ ಅಂದಮೇಲೆ ಅದು ಕೆಟ್ಟ ಸಂಸಾರ. ಒಂದು ಕಡೆ ಹೆಚ್ಚಿದ್ದರೆ ಇನ್ನೊಂದು ಕಡೆ ಕಡಿಮೆ ಇರುತ್ತದೆ, ಎಲ್ಲೋ ಒಂದು ಕಡೆಯಾದರೂ ಗೆರೆ ಆಚೀಚೆ ಸರಿದಿರುತ್ತದೆ. ಇಲ್ಲಿ ಎಲ್ಲ ಗೆರೆಗಳೂ ಒಂದರ ಮೇಲೊಂದು ಕೂತಿದ್ದವು, ಒಂದೂ ಕದಲಿರಲಿಲ್ಲ. ಇಂಥ ಶಿಸ್ತಿನ ಗಡ್ಡೆ ಇರಲೇಬಾರದೆಂದಿಲ್ಲ. ಆದರೆ ನಾನು ಹೆಚ್ಚು ನೋಡಿಲ್ಲ. ಯಂತ್ರ ಒಳಗೆ ಹಾಕಿದ್ದನ್ನು ಎಣಿಸುತ್ತದೆ, ಏನು ಹಾಕಿದಿರಿ ಎಂದು ಕೇಳುವುದಿಲ್ಲ. ಸೇಡಂ ಅಡತಿಯ ವ್ಯಾಪಾರಿಗಳು ತೊಗರಿ ಚೀಲದ ಬಾಯಲ್ಲಿದ್ದ ಕಾಳು ನೋಡಿ ಬೆಲೆ ಹೇಳುವುದಿಲ್ಲ, ಮೊಣಕೈವರೆಗೆ ಕೈ ಇಳಿಸಿ ತಳದ ಕಾಳು ತೆಗೆಯುತ್ತಾರೆ. ಗಡ್ಡೆಯ ತುಂಡಿನಲ್ಲಿ ಒಳ್ಳೆಯ ಮಾಂಸ ಬೆರೆತಷ್ಟೂ ಉತ್ತರ ಒಂದರ ಕಡೆಗೆ ಇಳಿಯುತ್ತದೆ. ಬೆರೆತದ್ದಷ್ಟೇ ಅಲ್ಲದೆ ಪೂರ್ತಿ ಒಳ್ಳೆಯ ಮಾಂಸವೇ ಆಗಿದ್ದರೆ?

ಮೇಡಂಗೆ ಹೇಳಿದೆ. "ಮನಿ ಮಂದಿ ಕೇಸ್ ಅಂತ ಮನಸ್ಸಿಗೆ ಹಚ್ಚಿಕೊಳ್ಳಾಕತ್ತೀರೇನು?" ಎಂದರು.

"ಹೌದ್ರಿ ಮೇಡಂ, ಹಚ್ಚಿಕೊಂಡೀನಿ. ಆದ್ರೂ ಒಂದು ಸಲ ನೋಡ್ರಿ," ಎಂದೆ.

ಆ ಬಿಲ್ಲೆಯಲ್ಲಿ ಉಳಿದದ್ದರಿಂದಲೇ ಹೊಸದಾಗಿ ಒಂದು ಪದರ ಕೊಯ್ಸಿ, ಬಣ್ಣ ಹಾಕಿಸಿ ನೋಡಿದರು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಕನ್ನಡಕ ಏರಿಸಿಕೊಂಡು, "ಇದರಾಗ ಗಡ್ಡೀನೇ ಇಲ್ಲವ್ವಾ. ಬರೇ ಕೊಬ್ಬು, ಛೊಲೊ ಹಾಲಿನ ನಾಳ. ರೋಗದ ಕಣ ಒಂದೂ ಇಲ್ಲ. ಇದು ಅಂಚಿನ ತುಂಡು. ಗಡ್ಡೀದು ಬ್ಯಾರೆ ಬಿಲ್ಲೆ ಇರಬೇಕು, ಮೊದಲು ನೋಡಿದ ಪಟ್ಟಿ ಅದರದು," ಎಂದರು.

ಗಡ್ಡೆಯ ಸುತ್ತಲಿನ ಅಂಚನ್ನೂ ತೆಗೆದು, ಅಲ್ಲಿಗೆ ರೋಗ ಹಬ್ಬಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಪದ್ಧತಿ. ನಾನು ಎಣಿಸಿದ್ದು ವೈನಿಯ ರೋಗವಿಲ್ಲದ ಮಾಂಸವನ್ನು. ಅದು ನಾರ್ಮಲ್ ಬಾರದೆ ಇನ್ನೇನು ಬಂದೀತು. ಆಸ್ಪತ್ರೆಯವರ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ಅವತ್ತು ಗಾಡಿಯಲ್ಲಿ ಪಕ್ಕದಲ್ಲಿ ಕೂತ ಹೆಂಗಸು ತನ್ನ ಬುತ್ತಿ ಎತ್ತಿಕೊಂಡು ಎದುರಿನ ಸೀಟಿಗೆ ಹೋದಳು. ವಾಡಿಯ ನನ್ನ ಮನೆಗೆ ಹೋಗದೆ ನೇರ ಚಿತ್ತಾಪುರಕ್ಕೆ ಹೋದೆ.

ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ವೈನಿ ಒಳಗೆ ಮಲಗಿದ್ದಳು. ನಾನು ಚಪ್ಪಲಿ ಬಿಡುತ್ತಲೇ ಅಣ್ಣನ ಮೇಲೆ ಹರಿಹಾಯ್ದೆ.

"ನಿನಗ ದವಾಖಾನ್ಯಾಗ ಎಂಥಾ ಬಿಲ್ಲೆ ಕೊಟ್ಟಾರ ನೋಡಿದ್ದೇನು? ಗಂಟಿಂದು ಕೊಡೋದು ಬಿಟ್ಟು ಅಂಚಿಂದು ಕೊಟ್ಟು ಕಳಿಸ್ಯಾರ!"

ಅಣ್ಣ ಕಣ್ಣು ಕಣ್ಣು ಬಿಟ್ಟ. "ಎರಡೂ ಕೊಟ್ಟಾರಲ್ಲ. ಇದು ಗಂಟಿಂದು, ಇದು ಅಂಚಿಂದು, ಅಂಚು ಸ್ವಚ್ಛ ಅದ, ಛೊಲೊ ಆತು ಅಂತ ಹೇಳೇ ಕೊಟ್ಟಾರ. ಎರಡೂ ಡಬ್ಬ್ಯಾಗs ಇದ್ವು."

"ಒಂದೇ ಇತ್ತು."

"ಎರಡಿದ್ವು. ಶನಿವಾರ ನಿಮ್ಮ ಲ್ಯಾಬ್ ಮುಚ್ಚಿದ ಮ್ಯಾಲ ಸಿಕ್ಕಾವ, ಮನಿಗೆ ತಂದೀನಿ, ಸೋಮವಾರ ನಿನ್ನ ಕೈಯಾಗ ಕೊಟ್ಟೀನಿ. ಅವ್ವಗ ಯಾವುದು ಯಾವುದಂತ ಒಮ್ಮೆ ತೋರಿಸೀನಿ, ಆಮ್ಯಾಲ ಮುಚ್ಚಳ ಸೈತ ತೆಗೆದಿಲ್ಲ."

ಮೊರದ ಸಪ್ಪಳ ನಿಂತದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ತಿರುಗಿ ನೋಡಿದೆವು. ಅವ್ವ ಬೇಳೆಯಲ್ಲಿ ಇಲ್ಲದ ಕಲ್ಲನ್ನು ಹುಡುಕುತ್ತಿದ್ದಳು.

"ಅವ್ವಾ," ಎಂದೆ.

"ಹೂಂ. ನಾನೇ ತೆಗೆದೀನಿ," ಎಂದಳು ತಲೆಯೆತ್ತದೆ. "ಆ ಕೆಟ್ಟದ್ದು ಹೊಸ್ತಿಲ ಒಳಗ ಬರಬಾರದು ಅಂತ ಅವತ್ತೇ ಹೊರಗಿಟ್ಟೀನಿ. ಆಮ್ಯಾಲ ಅನ್ನಿಸ್ತು, ಕೆಟ್ಟದ್ದು ಕೊಟ್ಟು ನೋಡಸಿದ್ರ ಕೆಟ್ಟದ್ದೇ ಬರ್ತದ. ಛೊಲೊದು ಕೊಟ್ರ ಛೊಲೊ ಬರ್ತದ ಅಂತ ಅದೊಂದೇ ಕಳಿಸಿದೆ. ಬಂತಲ್ಲ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಬೀಗರು ಹೆಣ್ಣು ನೋಡಲು ಬಂದಾಗ ಮನೆಯಲ್ಲಿದ್ದ ಒಳ್ಳೆಯ ಸೀರೆ ಉಡಿಸಿ ಕೂರಿಸಿದವಳು ಅವಳು. ರಾಶಿ ಮಾಡುವ ಕಣಕ್ಕೆ ಯಾರೇ ಬರಲಿ, ಒಳ್ಳೆಯ ಕಾಳನ್ನೇ ಮೇಲೆ ತೋರಿಸಿದವಳು. ಸೊಸೆಯ ಮೈಯನ್ನು ಊರ ಮಂದಿ ಯಂತ್ರದಲ್ಲಿಟ್ಟು ನೋಡುತ್ತಾರೆ ಅಂದಾಗ ಅದರಲ್ಲಿ ಚೆನ್ನಾಗಿರುವುದನ್ನೇ ಆರಿಸಿ ಕೊಟ್ಟಿದ್ದಳು. ಅದು ಗೊತ್ತಾಗುವುದರೊಳಗೆ ಬೈಗುಳ ನನ್ನ ಬಾಯಿಂದ ಹೊರಬಿದ್ದಿತ್ತು.

"ನಿನಗ ಬುದ್ಧಿ ಅದ ಏನು? ಈ ರಿಪೋರ್ಟ್ ಹೋಗಿದ್ರ ಆಕಿಗೆ ಸಿಗೋ ಔಷಧ ತಪ್ಪತಿತ್ತು! ಆ ಇನ್ನೊಂದು ಎಲ್ಲದ? ಒಗೆದೇನು?"

"ಹ್ಯಾಂಗ ಒಗೀಲಿ?" ಈಗ ಅವ್ವ ತಲೆ ಎತ್ತಿದಳು, ಅವಳಿಗೂ ಸಿಟ್ಟು ಬಂದಿತ್ತು. "ಕೆಟ್ಟದ್ದಾದ್ರೇನು, ಅದೂ ಆಕಿ ಮೈಯ್ಯಾಗಿಂದs ಅಲ್ಲೇನು?"

ಹಿತ್ತಲಿಗೆ ಕರೆದುಕೊಂಡು ಹೋದಳು. ನಾನು ಹೆಜ್ಜೆ ಹೆಜ್ಜೆಗೂ ಹೆದರಿದೆ. ಆ ಬಿಸಿಲಿಗೆ ಅಂಗಳದ ಫರಸಿ ಕಾದು ಬರಿಗಾಲು ಇಡುವ ಹಾಗಿರಲಿಲ್ಲ. ಅಂಥ ಕಲ್ಲಿನ ಮೇಲೆ ಮೇಣ ಕರಗಿ ಹರಿದುಹೋಗಿದ್ದರೆ ಒಳಗಿನ ತುಂಡು ಸುಟ್ಟ ಚಕ್ಕೆಯಾಗಿ ಬಿದ್ದಿರುತ್ತದೆ. ಬೇವಿನ ಮರದ ಬುಡದಲ್ಲಿ ನೀರಿನ ಹರವಿ ಇಡುವ ಕಟ್ಟೆಯಿದೆ. ಅವ್ವ ಬಗ್ಗಿ, ಕಟ್ಟೆಯ ಕೆಳಗಿನ ಗೂಡಿಗೆ ಕೈ ಹಾಕಿ ಒಂದು ಒದ್ದೆ ಬಟ್ಟೆಯ ಗಂಟು ತೆಗೆದಳು. ಒಳಗೆ ಸ್ಟೀಲಿನ ಕುಂಕುಮದ ಭರಣಿ, ಅದರೊಳಗೆ ಅರಿವೆ ಸುತ್ತಿದ ಬಿಲ್ಲೆ. ಮುಟ್ಟಿ ನೋಡಿದೆ, ತಣ್ಣಗಿತ್ತು. ಮೂಲೆ ಕೂಡ ಕರಗಿರಲಿಲ್ಲ.

"ಮೇಣದ್ದು, ಕರಗ್ತದಂತ ಅಂವ ಹೇಳಿದ್ದ. ಅದಕ್ಕ ದಿನಾ ಬಟ್ಟಿ ತೋಯಿಸಿ ಸುತ್ತತಿದ್ದೆ," ಎಂದಳು ಅವ್ವ, ತಪ್ಪು ಮಾಡಿದವಳ ದನಿಯಲ್ಲಿ.

ಮನೆಯೊಳಗೆ ಬರಬಾರದ ಕೆಟ್ಟದ್ದಕ್ಕೆ ದಿನವೂ ನೀರು ಹನಿಸಿ ಕಾಪಾಡಿದ್ದಳು. ಬೈಯಲು ಹುಡುಕಿದರೂ ಒಂದು ಮಾತು ಸಿಗಲಿಲ್ಲ.

ವೈನಿ ಯಾವಾಗ ಎದ್ದು ಬಂದಳೋ, ಹಿತ್ತಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಏನ್ರಿ ಅತ್ತಿ," ಎಂದಳು ಮೆಲ್ಲಗೆ, "ನನ್ನ ಹಿತ್ತಲದಾಗ ಇಟ್ಟು ನೀರು ಹಾಕಾಕತ್ತಿದ್ರೇನ್ರಿ? ಚಿಗರೊಡೆದದೇನು ನೋಡ್ರಿ." ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಈಗಲೂ ಹೇಳಲಾರೆ.

ಅವಳನ್ನು ಕಟ್ಟೆಯ ಮೇಲೆ ಕೂರಿಸಿ ವೈನಿ ನನ್ನ ಕಡೆ ತಿರುಗಿದಳು. "ಖರೇ ಹೇಳು. ಏನು ಬಂದ್ರ ನನಗ ಛೊಲೊ?"

ಇಷ್ಟು ನೇರವಾಗಿ ಯಾವ ಡಾಕ್ಟರೂ ನನ್ನನ್ನು ಕೇಳಿಲ್ಲ. "ಹೆಚ್ಚು ಬಂದ್ರ ಗಂಟು ಜೋರಿಂದು ಅಂತ ಅರ್ಥ. ಆದ್ರ ಹಿಡಿಯೋ ಔಷಧ ಅದ. ಕಡಿಮಿ ಬಂದ್ರ ಅಷ್ಟು ಜೋರಿಂದಲ್ಲ, ಆದ್ರ ಆ ಔಷಧ ನಡೆಯಂಗಿಲ್ಲ. ಛೊಲೊ ಯಾವುದು ಅಂತ ನನಗೂ ಹೇಳಾಕ ಬರಂಗಿಲ್ಲ ವೈನಿ. ಖರೇ ಯಾವುದು ಅನ್ನೋದು ಮಾತ್ರ ಹೇಳ್ತೀನಿ."

"ಹಂಗಾದ್ರ ಖರೇದು ಹೇಳು, ಸಾಕು," ಎಂದಳು.

ಮರುದಿನ ಆ ಬಿಲ್ಲೆಯಿಂದ ಮೊದಲು ಒಂದು ಪದರ ಕೊಯ್ಸಿ ಮೇಡಂ ಮುಂದೆ ಇಟ್ಟೆ. ಅವರು ರೋಗವಿದ್ದ ಜಾಗಕ್ಕೆ ಗುರುತು ಹಾಕಿ, ಅಷ್ಟನ್ನೇ ಹೆರೆಯಲು ಹೇಳಿದರು. ಈಗ ನಮ್ಮಲ್ಲಿ ಬರುವ ಪ್ರತಿ ಬಿಲ್ಲೆಗೂ ಹಾಗೆಯೇ ಮಾಡುತ್ತೇವೆ, ಜೊತೆಗೆ ಎಷ್ಟೇ ಗಾಜಿನ ಪಟ್ಟಿ ಬರಲಿ. ಯಂತ್ರ ಓಡತೊಡಗಿದಾಗ ಸಾಮಾನ್ಯವಾಗಿ ನಾನು ಚಹಾಕ್ಕೆ ಹೋಗುತ್ತೇನೆ, ಅವತ್ತು ಪರದೆ ಬಿಟ್ಟು ಕದಲಲಿಲ್ಲ. ಹೋಲಿಸುವ ಜೀನಿನ ಗೆರೆ ಇನ್ನೂ ನೆಲ ಹಿಡಿದು ಮಲಗಿದ್ದಾಗಲೇ ಇದರ ಗೆರೆ ಎದ್ದು ನಿಂತಿತು. ಬಹಳ ಮುಂಚೆ. ಲೆಕ್ಕ ಹಾಕುವ ಮೊದಲೇ ಗೊತ್ತಾಯಿತು, ಒಂದೆರಡಲ್ಲ, ರಾಶಿ ಇದೆ. ಹೋಲಿಕೆಗೆ ಇಟ್ಟ ಜೀನೇ ಕೈಕೊಟ್ಟಿದೆಯೋ ಎಂದು ಬೇರೆ ವರ್ಣತಂತುವಿನ ಇನ್ನೊಂದನ್ನು ಇಟ್ಟು ಓಡಿಸಿದೆ. ಆಗಲೂ ಅದೇ. ಮೇಡಂ ಹೈದರಾಬಾದಿಗೂ ಒಂದು ಪದರ ಕಳಿಸಿ ಬೇರೆ ವಿಧಾನದಲ್ಲಿ ನೋಡಿಸಿದರು, ಅಲ್ಲಿಂದಲೂ ಹೆಚ್ಚಿದೆ ಎಂದೇ ಬಂತು.

ಈ ಸಲ ಫೋನ್ ಮಾಡಲಿಲ್ಲ, ಊರಿಗೇ ಹೋಗಿ ಹೇಳಿದೆ. ವೈನಿ ಕೇಳಿ, "ಔಷಧ ಸಿಗ್ತದಲ್ಲ?" ಎಂದಳು ಅಷ್ಟೇ. ಅವ್ವ ಮಾತ್ರ ಕುಸಿದು ಕೂತಳು. "ಹೆಚ್ಚಂದ್ರ ಹೆಚ್ಚೇ ಅಲ್ಲೇನವ್ವಾ. ನೀವು ಏನರ ಹೇಳ್ರಿ, ಆ ಕೆಟ್ಟದ್ದು ಕೆಟ್ಟದ್ದೇ ತಂತು," ಎಂದು ಅತ್ತಳು. ಆ ಕೆಟ್ಟದ್ದನ್ನು ನೀನು ಕಾಯ್ದಿದ್ದಕ್ಕೇ ಔಷಧಿ ಸಿಕ್ಕಿತು ಎಂದು ನಾನೂ ಅಣ್ಣನೂ ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಮೊದಲು ತೆಗೆದಿಟ್ಟವಳೂ ನಾನೇ ಅಲ್ಲವೇ ಎಂಬುದು ಅವಳ ಮಾತು.

ಇಂಜೆಕ್ಷನ್ ಶುರುವಾಗಿದೆ, ಜೊತೆಗೆ ಕೀಮೋ ಕೂಡ. ವೈನಿ ತಲೆಗೂದಲೆಲ್ಲ ಹೋಗಿ ಸ್ಕಾರ್ಫ್ ಕಟ್ಟಿಕೊಂಡಿದ್ದಾಳೆ. ಅಂಗನವಾಡಿ ಮಕ್ಕಳು ಅದನ್ನು ಎಳೆದು ನೋಡಿ ಆಟ ಆಡುತ್ತಾರಂತೆ. ಸುಸ್ತಾದ ದಿನ ಅವ್ವನೇ ರೊಟ್ಟಿ ಬಡಿಯುತ್ತಾಳೆ. ಆಗ ವೈನಿ ಹಾಸಿಗೆಯಲ್ಲೇ ಒರಗಿ, ಒಂದು ರೊಟ್ಟಿ ಬೆಳಕಿಗೆ ಹಿಡಿದು, "ಅತ್ತಿ, ಭಾಳ ತೆಳ್ಳಗಾಗ್ಯಾವ್ರಿ, ಆಚೀಗಿಂದು ಕಾಣಸಾಕತ್ತದ," ಅನ್ನುತ್ತಾಳೆ. ಮುಂದೆ ಏನಾಗುತ್ತದೆ ಎಂದು ಹೇಳುವ ಯಂತ್ರ ನನ್ನ ಹತ್ತಿರ ಇಲ್ಲ. ಸದ್ಯಕ್ಕೆ ಡಾಕ್ಟರು ಚೆನ್ನಾಗಿ ನಡೆದಿದೆ ಅನ್ನುತ್ತಾರೆ.

ಮೊನ್ನೆ ಎರಡೂ ಬಿಲ್ಲೆ ಮರಳಿ ತಂದೆ. ಮುಂದೆಂದಾದರೂ ಬೇಕಾಗಬಹುದು, ಜೋಪಾನವಾಗಿಡಿ ಎಂದು ಮೇಡಂ ಹೇಳಿ ಕೊಟ್ಟಿದ್ದರು. ಅವ್ವ ಬಾಗಿಲಲ್ಲೇ ಇದ್ದಳು. ನಾನು ಹೊಸ್ತಿಲಾಚೆ ನಿಂತು, "ಎಲ್ಲಿಡಲವ್ವಾ ಇವನ್ನ? ಹರವಿ ಕೆಳಗೇನು?" ಎಂದು ರೇಗಿಸಿದೆ.

ಅವ್ವ ಕೈ ಚಾಚಿದಳು. "ಗಂಟಿಂದು ಯಾವುದು?" ಎಂದು ಕೇಳಿದಳು. ತೋರಿಸಿದೆ. ಅದೊಂದನ್ನು ನನ್ನ ಅಂಗೈಯಿಂದ ತೆಗೆದುಕೊಂಡು ಹೊಸ್ತಿಲು ದಾಟಿ ಒಳಗೆ ನಡೆದಳು. ನಾನು ಹಿಂದೆಯೇ ಹೋದೆ. ಟ್ರಂಕು ತೆರೆದು, ಸೀರೆಗಳನ್ನು ಸರಿಸಿ, ಆ ಹಿತ್ತಾಳೆ ಡಬ್ಬಿ ತೆಗೆದಳು. ಅಣ್ಣನದೂ ನನ್ನದೂ ಹೊಕ್ಕಳಬಳ್ಳಿಯ ತುಣುಕುಗಳನ್ನು ಬೆರಳಿನಿಂದ ಒಂದು ಬದಿಗೆ ಒತ್ತಿ, ಪಕ್ಕದಲ್ಲಿ ವೈನಿಯ ಬಿಲ್ಲೆ ಇಟ್ಟಳು.

"ಇದನ್ನೂ ಇಡು," ಎಂದು ಇನ್ನೊಂದನ್ನು ಚಾಚಿದೆ.

"ಛೊಲೊದು ನೀನೇ ಇಟ್ಕೋ," ಎಂದಳು ಅವ್ವ ಮುಚ್ಚಳ ಹಾಕುತ್ತ. "ಅದಕ್ಕ ಯಾರ ಬೇಕಾದ್ರೂ ಜಾಗ ಕೊಡ್ತಾರ."